ತಪ್ಪಿಗೆ ‘ನಾನು’, ನೋವಿಗೆ ‘ನನಗೆ’: ಗೆಳೆತನದ ಮುನಿಸು ಮತ್ತು ಕ್ಷಮೆಯ ಭಾಷೆ

ಪೀಠಿಕೆ

ಶಾಲೆಯಲ್ಲಿ ಮಕ್ಕಳು ಪಾಠ ಕಲಿಯುತ್ತಾರೆ. ಅದರ ಜೊತೆಗೆ ಗೆಳೆತನವನ್ನೂ ಕಲಿಯುತ್ತಾರೆ. ಗೆಳೆತನವಿದ್ದಲ್ಲಿ ಮುನಿಸೂ ಇರುತ್ತದೆ. ‘ಠೂ ಬಿಡುವುದು’ ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ ಮಾತು. ಅದನ್ನೇ ಮರಾಠಿ, ಹಿಂದಿ ಆಡುವ ಮಕ್ಕಳು ‘ಕಟ್ಟಿ’ ಎನ್ನುತ್ತಾರೆ. ಮಾತು ಬಿಡುವುದೇ ಮಕ್ಕಳ ಲೋಕದ ಅತಿ ದೊಡ್ಡ ಶಿಕ್ಷೆ. ಮಾತು ನಿಂತರೆ ಸಂಬಂಧ ನಿಲ್ಲುತ್ತದೆ, ಮತ್ತೆ ಮಾತಾಡಿದರೆ ಸಂಬಂಧ ಚಿಗುರುತ್ತದೆ ಎಂಬ ಸತ್ಯವನ್ನು ಮಕ್ಕಳು ಯಾರೂ ಹೇಳಿಕೊಡದೆಯೇ ಅರಿತಿರುತ್ತಾರೆ.

ಆದರೆ ಮತ್ತೆ ಮಾತು ಆರಂಭಿಸುವುದು ಹೇಗೆ ಎಂಬುದನ್ನು ಅವರಿಗೆ ಯಾರಾದರೂ ಕಲಿಸಬೇಕು. ಸಾಮಾನ್ಯವಾಗಿ ಶಾಲೆಗಳಲ್ಲಿ ಜಗಳವಾದಾಗ ಶಿಕ್ಷಕರು ಇಬ್ಬರನ್ನೂ ಎದುರು ನಿಲ್ಲಿಸಿ, “ಸಾರಿ ಹೇಳು, ಕೈ ಕುಲುಕು” ಎನ್ನುತ್ತಾರೆ. ಅರ್ಧ ನಿಮಿಷದಲ್ಲಿ ಪ್ರಕರಣ ಮುಗಿಯುತ್ತದೆ. ಮನಸ್ಸಿನೊಳಗಿನ ಮುನಿಸು ಮಾತ್ರ ಹಾಗೆಯೇ ಉಳಿಯುತ್ತದೆ. ಕ್ಷಮೆ ಕೇಳುವುದು ಶಿಸ್ತಿನ ವಿಷಯವೆಂದು ಭಾವಿಸಿರುವುದೇ ಇದಕ್ಕೆ ಕಾರಣ. ವಾಸ್ತವದಲ್ಲಿ ಅದು ಭಾಷೆಯ ವಿಷಯವೂ ಹೌದು. ಪತ್ರಲೇಖನ, ಪ್ರಬಂಧ, ಸಂಭಾಷಣೆಗಳಂತೆಯೇ ಅದಕ್ಕೂ ರೂಪವಿದೆ, ಶಬ್ದಗಳಿವೆ, ವ್ಯಾಕರಣವಿದೆ. ಈ ಲೇಖನವು ಆ ವ್ಯಾಕರಣವನ್ನು ತರಗತಿಗೆ ತರುವ ಬಗೆಯನ್ನು ವಿವರಿಸುತ್ತದೆ.

ಚಿಂಬಲ್‌ನ ಹಿನ್ನೆಲೆ

ಚಿಂಬಲ್ ಉತ್ತರ ಗೋವಾದ ತಿಸ್ವಾಡಿ ತಾಲ್ಲೂಕಿನ ಊರು. ಮಾಂಡವಿ ನದಿಯ ದಂಡೆಯಲ್ಲಿರುವ ರಿಬಂದರ್‌ಗೆ ಹೊಂದಿಕೊಂಡಿರುವ ಈ ಊರಿಗೆ ರಾಜಧಾನಿ ಪಣಜಿ ಬಹಳ ಸಮೀಪ. ಇಲ್ಲಿಯ ಇಂದಿರಾನಗರದಂತಹ ವಸತಿಗಳಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ದುಡಿಮೆಗಾಗಿ ಬಂದ ಅನೇಕ ಕುಟುಂಬಗಳು ನೆಲೆಸಿವೆ. ಈ ಮನೆಗಳ ಮಗು ಮನೆಯಲ್ಲಿ ಉತ್ತರ ಕರ್ನಾಟಕದ ಕನ್ನಡ, ಅಂಗಡಿಯಲ್ಲಿ ಕೊಂಕಣಿ ಅಥವಾ ಹಿಂದಿ, ಪಾಠದಲ್ಲಿ ಪುಸ್ತಕದ ಕನ್ನಡ, ಆಟದ ಬಯಲಿನಲ್ಲಿ ಇವೆಲ್ಲದರ ಬೆರಕೆಯನ್ನು ಆಡುತ್ತದೆ. ಇದು ಆ ಮಗುವಿನ ಸಂಪತ್ತು. ಜಗಳದ ಹೊತ್ತಿನಲ್ಲಿ ಮಾತ್ರ ಇದೇ ಸಂಪತ್ತು ಕೆಲವು ತೊಡಕುಗಳನ್ನೂ ತರುತ್ತದೆ. ಶಿಕ್ಷಕರು ಅವುಗಳಲ್ಲಿ ಮೂರನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು, ಸಂಬೋಧನೆಯ ತೊಡಕು. ಬಾಗಲಕೋಟೆ, ವಿಜಯಪುರ, ಗದಗದ ಕಡೆಯ ಹುಡುಗರಲ್ಲಿ ‘ಲೇ’ ಎಂಬುದು ಸಲಿಗೆಯ ಕರೆ. ಕರಾವಳಿಯ ಕನ್ನಡ ಬಲ್ಲವರ ಕಿವಿಗೆ ಅದೇ ಮಾತು ಒರಟಾಗಿ ಕೇಳಿಸಬಹುದು. ಗೋವಾದ ಕೊಂಕಣಿಯಲ್ಲಿ ‘ಹಾಂಗಾ ಯೋ’ ಎಂದರೆ ‘ಇಲ್ಲಿ ಬಾ’ ಎಂಬ ಸಹಜ ಕರೆ. ಕನ್ನಡದಲ್ಲಿ ‘ಯೋ’ ಎಂದು ಕರೆಸಿಕೊಳ್ಳುವುದು ಅಗೌರವ. ಹೊಸದಾಗಿ ಬಂದ ಮಗುವಿಗೆ ಈ ಭೇದ ತಿಳಿಯದೆ, ಅವಮಾನವಿಲ್ಲದ ಕಡೆಯೂ ಅವಮಾನ ಕಾಣಿಸಬಹುದು.

ಎರಡನೆಯದು, ಅವಮಾನಕ್ಕಾಗಿಯೇ ಬಳಕೆಯಾಗುವ ಪದಗಳು. ಘಟ್ಟದ ಮೇಲಿನವರು ಎಂಬ ಅರ್ಥದ ‘ಘಾಂಟಿ’ ಎಂಬ ಮಾತು ಗೋವಾದಲ್ಲಿ ವಲಸಿಗರನ್ನು ಹೀಯಾಳಿಸಲು ಬಳಕೆಯಾಗುತ್ತದೆ. ದೊಡ್ಡವರ ಬಾಯಿಂದ ಕೇಳಿದ್ದನ್ನು ಮಕ್ಕಳು ಆಟದ ಬಯಲಿಗೆ ತರುತ್ತಾರೆ. ಅದಕ್ಕೆ ಪ್ರತಿಯಾಗಿ ಕನ್ನಡದ ಮಕ್ಕಳೂ ತಮ್ಮ ಮನೆಗಳಲ್ಲಿ ಕೇಳಿದ ಬೈಗುಳವನ್ನು ಬಳಸುತ್ತಾರೆ. ಇಂತಹ ಪದ ಬಂದಾಗ ಜಗಳವು ಇಬ್ಬರು ಮಕ್ಕಳ ನಡುವಿನದಾಗಿ ಉಳಿಯುವುದಿಲ್ಲ; ಒಂದು ಮಗುವಿನ ಇಡೀ ಮನೆತನ ಅದರಲ್ಲಿ ಸಿಲುಕುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ದುಡಿಮೆ ಅರಸಿ ಬಂದ ಕುಟುಂಬಗಳು ಕೆಲಸ ಸಿಗದಿದ್ದಾಗ, ಊರಿನಲ್ಲಿ ಬಿತ್ತನೆಯ ಹೊತ್ತು ಬಂದಾಗ, ಹಿರಿಯರಿಗೆ ಕಾಯಿಲೆಯಾದಾಗ ಹಠಾತ್ತನೆ ಹೊರಡುತ್ತವೆ. ಇಂದು ಪಕ್ಕದಲ್ಲಿ ಕುಳಿತ ಗೆಳತಿ ಮುಂದಿನ ತಿಂಗಳು ಶಾಲೆಯಲ್ಲಿ ಇಲ್ಲದಿರಬಹುದು. ನೆಲೆ ನಿಂತ ಊರಿನ ಮಕ್ಕಳಿಗೆ ಮುನಿಸು ತೀರಲು ಕಾಲಾವಕಾಶವಿದೆ. ಈ ಮಕ್ಕಳಿಗೆ ಅದು ಇಲ್ಲ. ತೀರದ ಮುನಿಸನ್ನು ಗಂಟಿನೊಡನೆ ಕಟ್ಟಿಕೊಂಡು ಮಗು ಊರು ಬಿಡುತ್ತದೆ. ಆದುದರಿಂದ ಚಿಂಬಲ್‌ನಂತಹ ಊರುಗಳಲ್ಲಿ ಕ್ಷಮೆಯ ಪಾಠವನ್ನು ನಾಳೆಗೆ ಮುಂದೂಡಲಾಗದು.

ಒಂದು ಸನ್ನಿವೇಶ

ಚರ್ಚೆಯ ಅನುಕೂಲಕ್ಕಾಗಿ ಒಂದು ಕಲ್ಪಿತ ಸನ್ನಿವೇಶವನ್ನು ತೆಗೆದುಕೊಳ್ಳಬಹುದು. ಇಂತಹ ಊರಿನ ಒಂದು ಕನ್ನಡ ಮಾಧ್ಯಮದ ಶಾಲೆಯ ಐದನೆಯ ತರಗತಿಯಲ್ಲಿ ಇಬ್ಬರು ಗೆಳತಿಯರು. ಒಬ್ಬಳ ತಂದೆಗೆ ಎರಡು ತಿಂಗಳಿನಿಂದ ಕಟ್ಟಡದ ಕೆಲಸ ಸಿಕ್ಕಿಲ್ಲ. ಮನೆಯಲ್ಲಿ ಊರಿಗೆ ಹಿಂತಿರುಗುವ ಮಾತು ನಡೆದಿದೆ. ಅದನ್ನು ಅವಳು ಗೆಳತಿಯೊಬ್ಬಳಿಗೆ ಮಾತ್ರ ಹೇಳುತ್ತಾಳೆ. ಗೆಳತಿ ಅದನ್ನು ಮತ್ತಿಬ್ಬರಿಗೆ ಹೇಳುತ್ತಾಳೆ. ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕಾರು ಮಕ್ಕಳು, “ಏ, ಊರಿಗೆ ಹೋಗಾಕಿ ಬಂದ್ಲು” ಎಂದು ಅವಳನ್ನು ಕಾಡಿಸುತ್ತಾರೆ. ಅವಳು ಊಟ ಬಿಟ್ಟು ಎದ್ದುಹೋಗುತ್ತಾಳೆ. ಗೆಳತಿಯ ಪಕ್ಕದ ಜಾಗವನ್ನೂ ಬಿಡುತ್ತಾಳೆ.

ಶಿಕ್ಷಕಿ ಇಬ್ಬರನ್ನೂ ಕರೆದು ವಿಚಾರಿಸುತ್ತಾರೆ. ಗೆಳತಿ ಹೇಳುತ್ತಾಳೆ: “ಟೀಚರ್, ಬಾಯಿ ತಪ್ಪಿ ಬಂತು.” ನೊಂದವಳು ಹೇಳುತ್ತಾಳೆ: “ಅಕೀ ಕೆಟ್ಟಾಕಿ. ಸುಳ್ಳಿ. ನಾ ಅಕೀ ಜೋಡಿ ಮಾತಾಡಂಗಿಲ್ಲ.” ಶಿಕ್ಷಕಿಯ ಮಾತಿಗೆ ಗೆಳತಿ ‘ಸಾರಿ’ ಎನ್ನುತ್ತಾಳೆ; ಇವಳು ತಲೆಯಾಡಿಸುತ್ತಾಳೆ. ವಾರ ಕಳೆದರೂ ಇಬ್ಬರೂ ಬೇರೆ ಬೇರೆ ಸಾಲುಗಳಲ್ಲಿಯೇ ಕುಳಿತಿರುತ್ತಾರೆ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಶಿಕ್ಷಕಿಯ ಉದ್ದೇಶವೂ ಒಳ್ಳೆಯದೇ. ಆದರೂ ಮಾತು ಕೂಡಿಬರಲಿಲ್ಲ. ಏಕೆ ಎಂಬುದಕ್ಕೆ ಉತ್ತರ ಇಬ್ಬರೂ ಬಳಸಿದ ವಾಕ್ಯಗಳಲ್ಲಿಯೇ ಇದೆ.

‘ಆಯಿತು’ ಮತ್ತು ‘ಮಾಡಿದೆ’

ಕನ್ನಡದಲ್ಲಿ ಕರ್ತೃವನ್ನು ಹೇಳದೆಯೇ ಕ್ರಿಯೆಯನ್ನು ಹೇಳಲು ಬರುತ್ತದೆ. ‘ಲೋಟ ಒಡೆಯಿತು’, ‘ಪುಸ್ತಕ ಹರಿಯಿತು’, ‘ಬಾಯಿ ತಪ್ಪಿ ಬಂತು’, ‘ತಪ್ಪಾಯಿತು’ ಇವೆಲ್ಲ ಶುದ್ಧ ಕನ್ನಡ ವಾಕ್ಯಗಳು. ಆದರೆ ಇವುಗಳಲ್ಲಿ ಒಡೆದವರಿಲ್ಲ, ಹರಿದವರಿಲ್ಲ, ಹೇಳಿದವರಿಲ್ಲ. ತಪ್ಪು ತಾನಾಗಿಯೇ ಮಳೆಯಂತೆ ಬಂದು ಸುರಿದುಹೋಯಿತೇನೋ ಎಂಬಂತೆ ಕೇಳಿಸುತ್ತದೆ. ನೆರೆಯ ಭಾಷೆಗಳೂ ಹೀಗೆಯೇ: ಕೊಂಕಣಿಯ ‘ಚುಕ್ಲೆಂ’, ಮರಾಠಿಯ ‘ಚುಕಲಂ’ ಎಂಬ ಮಾತುಗಳಲ್ಲಿಯೂ ತಪ್ಪಿದವರು ಯಾರೆಂಬುದು ಬಾಯಿಬಿಟ್ಟು ಬರುವುದಿಲ್ಲ.

ಹಿರಿಯರ ಎದುರು ‘ತಪ್ಪಾಯ್ತ್ರಿ’ ಎಂದು ತಲೆತಗ್ಗಿಸುವುದು ನಮ್ಮ ನಡೆನುಡಿಯ ವಿನಯ. ಅದನ್ನು ಕೀಳಾಗಿ ಕಾಣಬೇಕಾಗಿಲ್ಲ. ಆದರೆ ಸರಿಸಮಾನರಾದ ಗೆಳೆಯರ ನಡುವೆ, ನಂಬಿಕೆ ಮುರಿದಾಗ, ಆ ವಿನಯದ ರೂಪ ಸಾಲುವುದಿಲ್ಲ. ನೊಂದವರು ಕೇಳಬಯಸುವುದು ‘ಏನಾಯಿತು’ ಎಂಬುದನ್ನಲ್ಲ. ಅದು ಅವರಿಗೆ ಗೊತ್ತಿದೆ. ‘ಇದನ್ನು ಮಾಡಿದವಳು ನಾನು’ ಎಂಬ ಒಪ್ಪಿಗೆಯನ್ನು.

ಇದನ್ನು ವಿಭಕ್ತಿಯ ಪಾಠಕ್ಕೆ ಜೋಡಿಸಿ ಮೂರು ಮೆಟ್ಟಿಲುಗಳಾಗಿ ಕಲಿಸಬಹುದು.

1. ತಪ್ಪಾಯಿತು. ಇಲ್ಲಿ ಮಾಡಿದವರ ಸುಳಿವಿಲ್ಲ.

2. ನನ್ನಿಂದ ತಪ್ಪಾಯಿತು. ತೃತೀಯಾ ವಿಭಕ್ತಿಯಲ್ಲಿ ‘ನಾನು’ ಅರ್ಧ ಕಾಣಿಸಿಕೊಂಡಿದೆ.

3. ನಾನು ನಿನ್ನ ಗುಟ್ಟನ್ನು ಅವರಿಗೆ ಹೇಳಿದೆ. ಪ್ರಥಮಾ ವಿಭಕ್ತಿಯಲ್ಲಿ ‘ನಾನು’ ಪೂರ್ತಿಯಾಗಿ ನಿಂತಿದೆ. ‘ತಪ್ಪು’ ಎಂಬ ಮೊತ್ತದ ಪದದ ಜಾಗದಲ್ಲಿ ಮಾಡಿದ ಕೆಲಸವೇ ಬಂದಿದೆ.

ಎರಡನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಏರುವುದು ಮಗುವಿಗೆ ಕಷ್ಟ. ದೊಡ್ಡವರಿಗೂ ಕಷ್ಟವೇ. ಆದರೆ ಮೂರನೆಯ ವಾಕ್ಯ ಕೇಳಿದಾಗ ನೊಂದ ಮಗುವಿನ ಮುಖದಲ್ಲಿ ಆಗುವ ಬದಲಾವಣೆಯನ್ನು ಶಿಕ್ಷಕರು ಗಮನಿಸಬಹುದು. ತನ್ನ ನೋವಿಗೆ ಕಾರಣವಿತ್ತು, ಅದನ್ನು ಎದುರಿಗಿರುವವಳೂ ಕಂಡಿದ್ದಾಳೆ ಎಂಬ ಸಮಾಧಾನ ಅದು.

ಕ್ಷಮಾಯಾಚನೆಯನ್ನು ಕೆಡಿಸುವ ಎರಡು ‘ರೆ’ಗಳನ್ನೂ ಮಕ್ಕಳಿಗೆ ಗುರುತಿಸಲು ಕಲಿಸಬೇಕು. ಒಂದು ‘ಆಗಿದ್ದರೆ’: “ನಿನಗ ಬ್ಯಾಸರ ಆಗಿದ್ರ ಸಾರಿ.” ಇಲ್ಲಿ ನೋವೇ ಅನುಮಾನಕ್ಕೆ ಒಳಗಾಗಿದೆ. ಇನ್ನೊಂದು ‘ಆದರೆ’: “ನಾ ಹೇಳಿದ್ದು ತಪ್ಪು, ಆದ್ರ ನೀನೂ ಮೊನ್ನೆ ಹಂಗ ಮಾಡಿದ್ದಿ.” ಇಲ್ಲಿ ಮೊದಲರ್ಧದಲ್ಲಿ ಕೊಟ್ಟದ್ದನ್ನು ಎರಡನೆಯರ್ಧ ಕಿತ್ತುಕೊಳ್ಳುತ್ತದೆ. ಮೊನ್ನೆಯ ಮಾತು ನಿಜವೇ ಇದ್ದರೂ ಅದಕ್ಕೆ ಬೇರೆ ಹೊತ್ತು ಬೇಕು.

ನೋವನ್ನು ಹೇಳುವ ಬಗೆ

ನೊಂದ ಮಗುವಿನ ಮಾತಿನಲ್ಲಿಯೂ ಒಂದು ಕೊರತೆಯಿತ್ತು. “ಅಕೀ ಕೆಟ್ಟಾಕಿ, ಸುಳ್ಳಿ” ಎಂಬುದು ಗೆಳತಿಯ ಸ್ವಭಾವದ ಮೇಲಿನ ತೀರ್ಪು. ಅದರಲ್ಲಿ ಅವಳು ಮಾಡಿದ ಕೆಲಸ ಯಾವುದೆಂಬುದಿಲ್ಲ. ಇವಳಿಗಾದ ನೋವು ಎಂತಹುದೆಂಬುದೂ ಇಲ್ಲ. ಮಾಡಿದ ಕೆಲಸವನ್ನು ತಿದ್ದಿಕೊಳ್ಳಬಹುದು. ‘ಕೆಟ್ಟವಳು’ ಎಂಬ ಹೆಸರನ್ನು ತಿದ್ದಿಕೊಳ್ಳುವುದು ಹೇಗೆ? ಹಾಗೆ ಕರೆಸಿಕೊಂಡ ಮಗುವಿಗೆ ತನ್ನನ್ನು ಸಮರ್ಥಿಸಿಕೊಳ್ಳುವುದೊಂದೇ ದಾರಿ ಉಳಿಯುತ್ತದೆ.

ಕನ್ನಡದಲ್ಲಿ ಭಾವನೆಗಳು ಬಹುಮಟ್ಟಿಗೆ ಚತುರ್ಥಿ ವಿಭಕ್ತಿಯಲ್ಲಿ ಬರುತ್ತವೆ: ನನಗೆ ಸಿಟ್ಟು ಬಂತು, ನನಗೆ ನಾಚಿಕೆಯಾಯಿತು, ನನಗೆ ಅಳು ಬಂತು, ನನಗೆ ಹೆದರಿಕೆಯಾಯಿತು. ಭಾವನೆಯನ್ನು ಯಾರೂ ಬೇಕೆಂದು ಮಾಡುವುದಿಲ್ಲ, ಅದು ಬರುತ್ತದೆ ಎಂಬ ತಿಳಿವಳಿಕೆ ಈ ರಚನೆಯಲ್ಲಿ ಅಡಗಿದೆ. ‘ಆಯಿತು’, ‘ಬಂತು’ ಎಂಬ ರೂಪಗಳು ಇಲ್ಲಿ ಸರಿಯಾಗಿಯೇ ಸಲ್ಲುತ್ತವೆ. ಆದುದರಿಂದ ನೊಂದ ಮಗುವಿಗೆ ಹೀಗೆ ಹೇಳಲು ನೆರವಾಗಬಹುದು: “ನೀ ಆ ಮಾತು ಅವರಿಗೆ ಹೇಳಿದಿ. ಎಲ್ಲಾರೂ ನಕ್ಕಾಗ ನನಗ ಭಾಳ ನಾಚಿಕಿ ಆತು. ಇನ್ ಮ್ಯಾಲೆ ನಿನಗ ಏನೂ ಹೇಳಬಾರದು ಅನಿಸ್ತು.”

ಒಟ್ಟಿನಲ್ಲಿ ಮಕ್ಕಳು ನೆನಪಿಡಬೇಕಾದ ಸೂತ್ರ ಇಷ್ಟೇ: ತಪ್ಪನ್ನು ಹೇಳುವಾಗ ‘ನಾನು’, ನೋವನ್ನು ಹೇಳುವಾಗ ‘ನನಗೆ’. ಜಗಳದ ಸಿಟ್ಟಿನಲ್ಲಿ ಇದು ತಲೆಕೆಳಗಾಗುತ್ತದೆ. ತಪ್ಪು ಮಾಡಿದವರು ‘ಆಯಿತು’ ಎಂಬುದರ ಹಿಂದೆ ಅಡಗುತ್ತಾರೆ. ನೊಂದವರು ‘ನೀನು’ ಎಂಬುದರಿಂದ ಆರಂಭಿಸುತ್ತಾರೆ.

ಇವೆಲ್ಲವನ್ನೂ ಮಗು ತನ್ನ ಮನೆಯ ಕನ್ನಡದಲ್ಲಿಯೇ ಹೇಳಲು ಬಿಡಬೇಕು. ಬೇರೆ ಭಾಷೆಯ ‘ಸಾರಿ’ ಬಾಯಿಗೆ ಸುಲಭ. ಅದಕ್ಕೆ ಹಿಂದಿನ ನೆನಪುಗಳ ಭಾರವಿಲ್ಲ. ಪುಸ್ತಕದ ‘ಕ್ಷಮಿಸು’ ಕೂಡ ಮಗುವಿಗೆ ನಾಟಕದ ಮಾತಿನಂತೆ ತೋರಬಹುದು. “ನನ್ನ ತಪ್ಪು ಹೊಟ್ಟಿಗೆ ಹಾಕ್ಕೋ” ಎಂಬುದು ಅದರ ಅಜ್ಜಿ ಆಡುವ ಮಾತು. ಅದನ್ನು ಹೇಳುವಾಗ ಮಗುವಿಗೆ ತಾನು ಏನು ಕೇಳುತ್ತಿದ್ದೇನೆಂಬುದು ತಿಳಿದಿರುತ್ತದೆ. ಮನಸ್ತಾಪವನ್ನು ವಿಚಾರಿಸುವ ಹೊತ್ತಿನಲ್ಲಿ ಉಚ್ಚಾರವನ್ನಾಗಲಿ ವ್ಯಾಕರಣವನ್ನಾಗಲಿ ತಿದ್ದಬಾರದು. ವಿಭಕ್ತಿಯ ಪಾಠ ಬೇರೆ ದಿನದ್ದು.

ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೆಯ ಕಲಮು ಪಠ್ಯಕ್ರಮವು ಗಮನಿಸಬೇಕಾದ ಅಂಶಗಳನ್ನು ಹೇಳುವಾಗ, ಸಾಧ್ಯವಿದ್ದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆಂದೂ, ಮಗು ಭಯ ಮತ್ತು ಆತಂಕಗಳಿಂದ ಮುಕ್ತವಾಗಿ ತನ್ನ ಅಭಿಪ್ರಾಯವನ್ನು ಹೇಳುವಂತಿರಬೇಕೆಂದೂ ಒಂದರ ಬೆನ್ನಿಗೆ ಒಂದು ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಇರಬೇಕೆಂಬ ಸಂವಿಧಾನದ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಬಂದಿದೆ. ಮಾತೃಭಾಷೆಯ ತರಗತಿ ಗಣಿತ, ವಿಜ್ಞಾನಗಳಿಗೆ ಎಷ್ಟು ಅಗತ್ಯವೋ ಮನಸ್ಸಿನ ಮಾತಿಗೂ ಅಷ್ಟೇ ಅಗತ್ಯ ಎಂಬುದನ್ನು ಕನ್ನಡ ಮಾಧ್ಯಮದ ಶಿಕ್ಷಕರು ಮರೆಯಬಾರದು.

ಕೇಳುವ ಕಿವಿ

ಹೇಳುವವರಷ್ಟೇ ಕೇಳುವವರೂ ಮುಖ್ಯ. ಜಗಳದಲ್ಲಿ ಮಕ್ಕಳು ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಉತ್ತರ ಹುಡುಕುತ್ತಿರುತ್ತಾರೆ. ಇದಕ್ಕೆ ಒಂದು ಸರಳ ಉಪಾಯವಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು. “ಹೌದು, ನಾ ಹೇಳಿದ್ದು ಅದೇ” ಎಂದು ಮೊದಲನೆಯವರು ಒಪ್ಪಿದ ಮೇಲೆ ಮಾತ್ರ ತಮ್ಮ ಮಾತನ್ನು ಆರಂಭಿಸಬೇಕು. ಅರ್ಧ ಜಗಳಗಳು ಇಷ್ಟರಲ್ಲಿಯೇ ಕರಗುತ್ತವೆ.

ಕೇಳುವಾಗ ಗೆಳೆಯನ ಮನಸ್ಸನ್ನು ನಂಬಿ ಅರ್ಥ ಮಾಡಿಕೊಳ್ಳುವುದಕ್ಕೆ ಪಂಪನಲ್ಲಿ ಒಂದು ಉದಾಹರಣೆಯಿದೆ. ಕ್ರಿ.ಶ. 941ರ ಸುಮಾರಿಗೆ ರಚಿತವಾದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣನು ದುರ್ಯೋಧನನ ಗೆಳೆತನವನ್ನು ನೆನೆಯುವಾಗ ಪಗಡೆಯಾಟದ ಒಂದು ಪ್ರಸಂಗ ಬರುತ್ತದೆ. ಭಾನುಮತಿಯ ಮುತ್ತಿನ ಹಾರ ಹರಿದು ಮುತ್ತುಗಳು ಚೆಲ್ಲುತ್ತವೆ. ಅಲ್ಲಿದ್ದ ದುರ್ಯೋಧನನು ಸಂಶಯಪಡದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದಷ್ಟೇ ಕೇಳುತ್ತಾನೆ. ಕಂಡದ್ದಕ್ಕೆ ಕೆಟ್ಟ ಅರ್ಥ ಹಚ್ಚುವ ಅವಕಾಶವಿದ್ದಾಗಲೂ ಒಳ್ಳೆಯ ಅರ್ಥವನ್ನೇ ಆಯ್ದುಕೊಂಡ ಆ ಗಳಿಗೆಯನ್ನು ಕರ್ಣನು ಮರೆಯಲಾರ. ದುರ್ಯೋಧನನ ಉಳಿದ ದೋಷಗಳೇನೇ ಇರಲಿ, ಈ ಒಂದು ನಡೆ ಗೆಳೆತನದ ಪಾಠವಾಗಿದೆ. ಹಿರಿಯ ತರಗತಿಗಳಲ್ಲಿ ಈ ಕಥೆಯನ್ನು ಹೇಳಿ, “ನಿಮ್ಮ ಗೆಳೆಯರ ಯಾವ ನಡೆಗೆ ನೀವು ಬೇಗನೆ ಕೆಟ್ಟ ಅರ್ಥ ಹಚ್ಚಿದ್ದಿರಿ?” ಎಂದು ಚರ್ಚಿಸಬಹುದು. ‘ಲೇ’, ‘ಯೋ’ಗಳಂತಹ ಸಂಬೋಧನೆಯ ತಪ್ಪು ತಿಳಿವಳಿಕೆಗಳು ಈ ಚರ್ಚೆಯಲ್ಲಿ ಸಹಜವಾಗಿ ಹೊರಬರುತ್ತವೆ.

ಕ್ಷಮೆ ಕೇಳುವ ನಾಲ್ಕು ಹಂತಗಳು

ಗಾಂಧೀಜಿಯವರು ಆತ್ಮಕಥೆಯಲ್ಲಿ ತಮ್ಮ ಹದಿನೈದನೆಯ ವಯಸ್ಸಿನ ಒಂದು ಘಟನೆಯನ್ನು ವಿವರಿಸಿದ್ದಾರೆ. ಅಣ್ಣನ ಸಾಲ ತೀರಿಸಲು ಅವನ ತೋಳಿನ ಚಿನ್ನದ ಕಡಗದಿಂದ ಚೂರು ಚಿನ್ನವನ್ನು ಕದ್ದುದು ಅವರನ್ನು ಬಾಧಿಸತೊಡಗಿತು. ತಂದೆಗೆ ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಚೀಟಿಯಲ್ಲಿ ಬರೆದು ಕೈಗಿತ್ತರು. ತಪ್ಪನ್ನು ಒಪ್ಪಿಕೊಂಡಿದ್ದರು, ತಕ್ಕ ಶಿಕ್ಷೆ ಬೇಡಿದ್ದರು, ತಂದೆ ತಮ್ಮನ್ನೇ ದಂಡಿಸಿಕೊಳ್ಳಬಾರದೆಂದು ಕೋರಿದ್ದರು, ಇನ್ನು ಮುಂದೆ ಕದಿಯುವುದಿಲ್ಲವೆಂದು ಮಾತು ಕೊಟ್ಟಿದ್ದರು. ಕಾಯಿಲೆಯಿಂದ ಮಲಗಿದ್ದ ತಂದೆ ಎದ್ದು ಕುಳಿತು ಓದಿದರು, ಕಣ್ಣೀರಿಟ್ಟರು, ಚೀಟಿಯನ್ನು ಹರಿದುಹಾಕಿದರು.

ಈ ಘಟನೆ ತಂದೆಮಕ್ಕಳದ್ದಾದರೂ ಗೆಳೆಯರಿಗೂ ಅನ್ವಯಿಸುತ್ತದೆ. ಮಕ್ಕಳಿಗೆ ಕಲಿಸಬಹುದಾದ ನಾಲ್ಕು ಹಂತಗಳು ಹೀಗಿವೆ:

1. ಮಾಡಿದ ಕೆಲಸವನ್ನು ಹೆಸರಿಸುವುದು. “ನೀ ನನಗ ಹೇಳಿದ್ದ ಗುಟ್ಟು ನಾ ಅವರಿಗೆ ಹೇಳಿದೆ.”

2. ಅದರಿಂದ ಆದ ನೋವನ್ನು ಒಪ್ಪಿಕೊಳ್ಳುವುದು. “ಅದರಿಂದ ಎಲ್ಲಾರೂ ನಿನ್ನ ಕಾಡಿಸಿದ್ರು. ನೀ ಊಟಾನೂ ಮಾಡಲಿಲ್ಲ.”

3. ಸರಿಪಡಿಸುವುದು. ಆಡಿದ ಗುಟ್ಟನ್ನು ಮರಳಿ ತರಲಾಗದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಸುಳ್ಳಲ್ಲ. ಆದರೆ ಮಾಡಬಹುದಾದುದು ಉಳಿದಿರುತ್ತದೆ. “ನಾನs ಅವರಿಗೆ ಹೋಗಿ, ಕಾಡಿಸಬ್ಯಾಡ್ರಿ ಅಂತ ಹೇಳ್ತೀನಿ.”

4. ಮುಂದಿನ ಮಾತು ಕೊಟ್ಟು, ಕಾಯುವುದು. “ಇನ್ ಮ್ಯಾಲೆ ನಿನ್ನ ಮಾತು ಯಾರಿಗೂ ಹೇಳಂಗಿಲ್ಲ. ನಿನಗ ಯಾವಾಗ ಮಾತಾಡಬೇಕು ಅನಿಸ್ತದೋ ಆವಾಗ ಮಾತಾಡು.”

ನಾಲ್ಕನೆಯ ಹಂತದ ‘ಕಾಯುವುದು’ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಕ್ಷಮೆ ಕೇಳಿದ ಕೂಡಲೇ ಅದು ಸಿಗಬೇಕೆಂಬ ನಿಯಮವಿಲ್ಲ. ಬಾಯಲ್ಲಿ ಹೇಳಲಾಗದ ಮಗು ಗಾಂಧೀಜಿಯವರಂತೆ ಚೀಟಿ ಬರೆಯಬಹುದು. ಆ ಚೀಟಿ ಬರೆದವರದು ಮತ್ತು ಓದುವವರದು ಮಾತ್ರ. ಶಿಕ್ಷಕರು ಅದನ್ನು ತರಗತಿಯಲ್ಲಿ ಓದಬಾರದು, ಕೆಂಪು ಶಾಯಿಯಿಂದ ತಿದ್ದಲೂಬಾರದು.

ಕ್ಷಮಿಸುವವರ ಹಕ್ಕು

ಕನ್ನಡದ ‘ಮನ್ನಿಸು’ ಎಂಬ ಪದಕ್ಕೆ ಎರಡು ಅರ್ಥಗಳಿವೆ: ಗೌರವಿಸು ಎಂಬುದೊಂದು, ಕ್ಷಮಿಸು ಎಂಬುದೊಂದು. ಮನ್ನಣೆಗೂ ಮನ್ನಿಸುವಿಕೆಗೂ ಬೇರು ಒಂದೇ. ಕ್ಷಮಿಸುವವರು ತಪ್ಪನ್ನು ಸರಿ ಎನ್ನುವುದಿಲ್ಲ. ತಪ್ಪು ಮಾಡಿದ ಮೇಲೂ ಎದುರಿನವರು ಗೌರವಕ್ಕೆ ಅರ್ಹರು ಎಂದು ಒಪ್ಪುತ್ತಾರೆ. ಹಾಗೆಯೇ ಕ್ಷಮೆ ಕೇಳುವವರು ಕೂಡ ನೊಂದವರ ಮನ್ನಣೆಯನ್ನು ಮರಳಿಸಬೇಕಾಗುತ್ತದೆ.

ಆದುದರಿಂದ ‘ಮನ್ನಿಸಿದೆ’ ಎಂದು ಹೇಳಲು ಯಾರನ್ನೂ ಬಲವಂತಪಡಿಸಬಾರದು. “ಈಗ ಬ್ಯಾಡ, ಆಮ್ಯಾಲೆ ಹೇಳ್ತೀನಿ” ಎಂಬುದೂ ಪ್ರಾಮಾಣಿಕ ಉತ್ತರವೇ. ಮಗು ಕ್ಷಮಿಸಿಯೂ ಮತ್ತೆ ಗುಟ್ಟು ಹೇಳದೆ ಇರಬಹುದು. ಅದು ಹಗೆಯಲ್ಲ, ಎಚ್ಚರ. ನಂಬಿಕೆ ಮತ್ತೆ ಬೆಳೆಯಲು ದಿನಗಳು ಬೇಕು.

ಒಬ್ಬೊಬ್ಬರಾಗಿ ಮಾತು ಆರಂಭಿಸಲು ಹಿಂಜರಿಯುವವರಿಗೆ ನಮ್ಮ ಹಬ್ಬಗಳು ನೆಪ ಒದಗಿಸುತ್ತವೆ. ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡೋಣ ಎನ್ನುವುದು, ಗೋವಾದ ನೆರೆಮನೆಯವರು ತಿಳಗುಳ ಕೊಟ್ಟು ಸಿಹಿಯಾಗಿ ಮಾತಾಡು ಎನ್ನುವುದು, ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯಂದು ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುವುದು, ಜೈನರ ಕ್ಷಮಾವಾಣಿ, ಈದ್‌ನ ಆಲಿಂಗನ, ಚರ್ಚಿನ ಪೂಜೆಯಲ್ಲಿ ಅಕ್ಕಪಕ್ಕದವರು ಸಮಾಧಾನದ ಗುರುತು ವಿನಿಮಯ ಮಾಡಿಕೊಳ್ಳುವುದು, ಇವೆಲ್ಲವುಗಳಲ್ಲಿ ಸಮಾನ ಅಂಶವೊಂದಿದೆ: ಮೊದಲ ಮಾತು ಯಾರು ಆಡಬೇಕೆಂಬ ಬಿಗುಮಾನವನ್ನು ಆಚರಣೆಯೇ ಕರಗಿಸುತ್ತದೆ. ಆದರೆ ಹಬ್ಬದ ಮಾತು ಬಾಗಿಲು ತೆರೆಯುತ್ತದೆ ಅಷ್ಟೆ. ಒಳಗೆ ಹೋಗಿ ಕುಳಿತು ಆಡಬೇಕಾದ ಮಾತು ಬೇರೆಯೇ ಇದೆ.

ಎಲ್ಲಿ ರಾಜಿ ಸಲ್ಲದು

ಎಲ್ಲ ಘರ್ಷಣೆಯೂ ಗೆಳೆಯರ ಮುನಿಸಲ್ಲ. ಬಲವುಳ್ಳವರು ದುರ್ಬಲರನ್ನು ಮತ್ತೆ ಮತ್ತೆ ಪೀಡಿಸುತ್ತಿದ್ದರೆ ಅದು ಪೀಡನೆ. ಅಲ್ಲಿ ಇಬ್ಬರನ್ನೂ ಸಮಾನವಾಗಿ ನಿಲ್ಲಿಸಿ ರಾಜಿ ಮಾಡಿಸುವುದು ಅನ್ಯಾಯ. ಮೊದಲು ಪೀಡನೆ ನಿಲ್ಲಬೇಕು. ಜಾತಿ, ಊರು, ಭಾಷೆ, ಬಣ್ಣ, ಅಂಗವೈಕಲ್ಯಗಳನ್ನು ಹಿಡಿದು ಬೈದಾಗ, ಆ ಪದ ಏಕೆ ನೋಯಿಸುತ್ತದೆ ಎಂಬುದನ್ನು ಇಡೀ ತರಗತಿಗೆ ವಿವರಿಸಬೇಕು. ಆದರೆ ಬೈದ ಮಗುವನ್ನಾಗಲಿ ಬೈಸಿಕೊಂಡ ಮಗುವನ್ನಾಗಲಿ ಉದಾಹರಣೆಯಾಗಿ ನಿಲ್ಲಿಸಬಾರದು. ‘ಘಾಂಟಿ’ ಎಂದ ಮಗು ಆ ಪದವನ್ನು ಸೃಷ್ಟಿಸಿದ್ದಲ್ಲ, ಕೇಳಿ ಕಲಿತದ್ದು. ಅದಕ್ಕೆ ಬೇರೆ ಪದ ಕಲಿಯಲು ಅವಕಾಶ ಕೊಡಬೇಕು.

ಲೈಂಗಿಕ ಕಿರುಕುಳದ ಸುಳಿವಿದ್ದರೆ ಅದು ಶಾಲೆಯೊಳಗೆ ಬಗೆಹರಿಸುವ ವಿಷಯವೇ ಅಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098ನ್ನು ಎಲ್ಲ ಮಕ್ಕಳಿಗೂ ತಿಳಿಸಿರಬೇಕು. ಇನ್ನು, ಕಿವಿ ಹಿಡಿಸಿ ನಿಲ್ಲಿಸುವುದು, ಎಲ್ಲರೆದುರು ಕ್ಷಮೆ ಕೇಳಿಸುವುದು ಮುಂತಾದ ರೂಢಿಗಳನ್ನು ಕೈಬಿಡಬೇಕು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ.

ತರಗತಿಯ ಚಟುವಟಿಕೆಗಳು

1. ಕರ್ತೃವನ್ನು ಹುಡುಕು (4 ರಿಂದ 7ನೆಯ ತರಗತಿ). ‘ಪೆನ್ಸಿಲ್ ಮುರಿಯಿತು’, ‘ನೀರು ಚೆಲ್ಲಿತು’, ‘ಚೆಂಡು ಕಳೆಯಿತು’ ಎಂಬ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ‘ನಾನು’ ಕರ್ತೃವಾಗುವಂತೆ ಬದಲಾಯಿಸಲು ಹೇಳುವುದು. ನಿಜವಾಗಿಯೂ ಯಾರೂ ಮಾಡದೆ ಆದ ಘಟನೆಗಳನ್ನೂ ಸೇರಿಸಬೇಕು. ಎಲ್ಲಕ್ಕೂ ‘ನಾನು’ ಹೊಣೆಯಲ್ಲ ಎಂಬುದೂ ಮಕ್ಕಳಿಗೆ ತಿಳಿಯಬೇಕು.

2. ‘ನನಗೆ’ ಸರಮಾಲೆ (3 ರಿಂದ 5ನೆಯ ತರಗತಿ). ವೃತ್ತಾಕಾರದಲ್ಲಿ ಕುಳಿತ ಮಕ್ಕಳು “ನನಗೆ ... ಆದಾಗ ... ಬರುತ್ತದೆ” ಎಂಬ ವಾಕ್ಯವನ್ನು ಪೂರ್ಣಗೊಳಿಸುತ್ತಾರೆ. ಹೇಳಲಿಚ್ಛಿಸದವರು ಮುಂದಿನವರಿಗೆ ಅವಕಾಶ ಬಿಡಬಹುದು.

3. ನಾಲ್ಕು ಭಾಷೆಯ ಸಮಾಧಾನ. ಕನ್ನಡ, ಕೊಂಕಣಿ, ಮರಾಠಿ, ಹಿಂದಿಗಳಲ್ಲಿ ಕ್ಷಮೆ ಕೇಳುವ ಮತ್ತು ಕರೆಯುವ ಮಾತುಗಳನ್ನು ಮಕ್ಕಳು ಮನೆಯಿಂದ ಕೇಳಿಕೊಂಡು ಬಂದು ಪಟ್ಟಿ ಮಾಡುವುದು. ಯಾವ ಮಾತು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂದು ಚರ್ಚಿಸುವುದು.

4. ಪಾತ್ರಾಭಿನಯ. ಕಲ್ಪಿತ ಜಗಳವೊಂದನ್ನು ಎರಡು ಬಾರಿ ಅಭಿನಯಿಸುವುದು: ಮೊದಲು ‘ಸಾರಿ’ ಎಂಬ ಒಂದೇ ಮಾತಿನಿಂದ, ಆಮೇಲೆ ನಾಲ್ಕು ಹಂತಗಳಿಂದ. ನಡೆದ ಜಗಳವನ್ನು ಅದರ ಮಕ್ಕಳಿಂದಲೇ ಅಭಿನಯಿಸಬಾರದು.

5. ಬೀಳ್ಕೊಡುವ ಚೀಟಿ. ಕುಟುಂಬದೊಡನೆ ಊರಿಗೆ ಹೊರಟ ಮಗುವಿಗೆ ಸಹಪಾಠಿಗಳು ಎರಡು ಸಾಲು ಬರೆದುಕೊಡುವುದು. ಹೊರಡುವ ಸುದ್ದಿ ಮೊದಲೇ ತಿಳಿದಿದ್ದರೆ, ಆ ಮಗುವಿಗೂ ಯಾರಿಗೂ ಮುನಿಸು ಉಳಿದಿದೆಯೇ ಎಂದು ಶಿಕ್ಷಕರು ಮೆಲ್ಲನೆ ವಿಚಾರಿಸಬಹುದು.

ಸಮಾರೋಪ

ಮೇಲಿನ ಸನ್ನಿವೇಶದ ಶಿಕ್ಷಕಿ ವಾರದ ಮೇಲೆ ಮತ್ತೊಮ್ಮೆ ಪ್ರಯತ್ನಿಸುತ್ತಾರೆಂದು ಭಾವಿಸೋಣ. ಈ ಸಲ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳುತ್ತಾರೆ; ಏನು ಹೇಳಬೇಕೆಂಬುದನ್ನು ಗೆಳತಿ ತನ್ನ ಮಾತಿನಲ್ಲಿಯೇ ಕಂಡುಕೊಳ್ಳಲು ನೆರವಾಗುತ್ತಾರೆ. ಗೆಳತಿ ಮೊದಲು ಕಾಡಿಸಿದ ಮಕ್ಕಳ ಬಳಿಗೆ ಹೋಗಿ, “ಆ ಮಾತು ನಾ ಹೇಳಬಾರದಿತ್ತು. ನೀವೂ ಅಕೀನ್ನ ಕಾಡಿಸಬ್ಯಾಡ್ರಿ” ಎನ್ನುತ್ತಾಳೆ. ಅನಂತರ ಇವಳ ಎದುರು ನಿಂತು, “ನಾ ಹೇಳಿದೆ” ಎಂದು ಆರಂಭಿಸುತ್ತಾಳೆ. ಇವಳು ಅಂದು ಏನೂ ಹೇಳದಿರಬಹುದು. ಎರಡು ದಿನ ಬಿಟ್ಟು ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರೂ ಬಿಡಬಹುದು. ಅವಳ ತಂದೆಗೆ ಚಿಂಬಲ್‌ನ ಸುತ್ತಮುತ್ತ ಕೆಲಸ ಸಿಕ್ಕುವಂತೆ ಮಾಡುವುದು ಶಿಕ್ಷಕಿಯ ಕೈಯಲ್ಲಿಲ್ಲ. ಕುಟುಂಬ ಊರಿಗೆ ಹೊರಟೇಬಿಡಬಹುದು. ಆದರೆ ಹೊರಡುವ ಮುನ್ನ ಆ ಇಬ್ಬರು ಮಕ್ಕಳ ನಡುವೆ ಮಾತು ಉಳಿದಿರುವಂತೆ ನೋಡಿಕೊಳ್ಳುವುದು ಅವರ ಕೈಯಲ್ಲಿದೆ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಗಾದೆ. ಮಾತು ಬಲ್ಲವರಿಗೂ ಜಗಳ ಬರುತ್ತದೆ ಎಂಬುದು ಅನುಭವ. ಆದರೆ ಅವರಿಗೆ ಜಗಳದಿಂದ ಹಿಂತಿರುಗುವ ದಾರಿ ಗೊತ್ತಿರುತ್ತದೆ. ಆ ದಾರಿಯನ್ನು ಮಗುವಿನ ಸ್ವಂತ ಭಾಷೆಯಲ್ಲಿ ತೋರಿಸಿಕೊಡುವುದು ಕನ್ನಡ ಮಾಧ್ಯಮದ ಶಿಕ್ಷಕರಿಗೆ ದೊರೆತಿರುವ ಅವಕಾಶ.